ಅಮೆರಿಕದ ಅಲೈಡ್ ಹೆಲ್ತ್ ಅಸೋಸಿಯೇಟ್ ಪದವಿ: ಸಂಬಳ ಎಷ್ಟು, ಸಾಲ ಎಷ್ಟು? ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳಲ್ಲಿ ಈ ಪ್ರಶ್ನೆಗಳು ಎರಡು ಕಡೆಯಿಂದ ಬರುತ್ತವೆ. ಹೈಸ್ಕೂಲು ಮುಗಿಸಿದ ಮಕ್ಕಳು ನಾಲ್ಕು ವರ್ಷದ ಪದವಿಯ ಬದಲು ಎರಡು ವರ್ಷದ ಆರೋಗ್ಯ ಕೋರ್ಸು, ಅಂದರೆ ಅಲೈಡ್ ಹೆಲ್ತ್ (ವೈದ್ಯ, ನರ್ಸ್ ಹೊರತಾದ ಆರೋಗ್ಯ ವೃತ್ತಿಗಳ) ಅಸೋಸಿಯೇಟ್ ಪದವಿ ಸೇರುತ್ತೇವೆ ಎನ್ನುತ್ತಾರೆ. ಭಾರತದಲ್ಲಿ ಪದವಿ ಪಡೆದು, ಮದುವೆಯಾಗಿ ಇಲ್ಲಿಗೆ ಬಂದು, ಕೆಲಸಕ್ಕೆ ಸೇರಲು ಹೊಸ ದಾರಿ ಹುಡುಕುವವರೂ ಇದೇ ಕೋರ್ಸುಗಳತ್ತ ನೋಡುತ್ತಾರೆ. ಕೆಳಗಿನ ಉತ್ತರಗಳು ಇಬ್ಬರನ್ನೂ ಮನಸ್ಸಿನಲ್ಲಿಟ್ಟುಕೊಂಡು ಬರೆದವು.

ಅಲೈಡ್ ಹೆಲ್ತ್ ಅಸೋಸಿಯೇಟ್ ಪದವಿಯಿಂದ ಯಾವ ಕೆಲಸಗಳು ಸಿಗುತ್ತವೆ?

ಎಕ್ಸ್‌ರೇ ತೆಗೆಯುವ ರೇಡಿಯಾಲಜಿಕ್ ಟೆಕ್ನಾಲಜಿಸ್ಟ್, ಅಲ್ಟ್ರಾಸೌಂಡ್ ಮಾಡುವ ಸೋನೋಗ್ರಾಫರ್, ಉಸಿರಾಟದ ಚಿಕಿತ್ಸೆ ನೀಡುವ ರೆಸ್ಪಿರೇಟರಿ ಥೆರಪಿಸ್ಟ್, ಕ್ಯಾನ್ಸರ್ ರೋಗಿಗಳಿಗೆ ವಿಕಿರಣ ನೀಡುವ ರೇಡಿಯೇಷನ್ ಥೆರಪಿಸ್ಟ್, ಡೆಂಟಲ್ ಹೈಜಿನಿಸ್ಟ್, ಫಿಸಿಕಲ್ ಥೆರಪಿಸ್ಟ್ ಅಸಿಸ್ಟೆಂಟ್, ಆಕ್ಯುಪೇಷನಲ್ ಥೆರಪಿ ಅಸಿಸ್ಟೆಂಟ್, ಸರ್ಜಿಕಲ್ ಟೆಕ್ನಾಲಜಿಸ್ಟ್, ಮೆಡಿಕಲ್ ಲ್ಯಾಬ್ ಟೆಕ್ನಿಷಿಯನ್ ಮುಂತಾದವು. ಮೆಡಿಕಲ್ ಅಸಿಸ್ಟೆಂಟ್ ಕೋರ್ಸನ್ನೂ ಕೆಲವು ಕಾಲೇಜುಗಳು ಅಸೋಸಿಯೇಟ್ ಪದವಿಯಾಗಿ ನೀಡುತ್ತವೆ, ಆದರೆ ಆ ಕೆಲಸಕ್ಕೆ ಸಾಮಾನ್ಯವಾಗಿ ಪದವಿಯೇ ಬೇಕಿಲ್ಲ. ಒಂದು ವರ್ಷದೊಳಗಿನ ಸರ್ಟಿಫಿಕೇಟ್ ಸಾಕಾಗುತ್ತದೆ. ಈ ವ್ಯತ್ಯಾಸ ಮುಂದಿನ ಲೆಕ್ಕದಲ್ಲಿ ಬಹಳ ಮುಖ್ಯವಾಗುತ್ತದೆ.

ಇವುಗಳಲ್ಲಿ ಸಂಬಳ ನಿಜವಾಗಿ ಎಷ್ಟಿದೆ?

ಅಮೆರಿಕದ ಕಾರ್ಮಿಕ ಅಂಕಿಅಂಶಗಳ ಬ್ಯೂರೊ ಪ್ರತಿ ವೃತ್ತಿಗೂ ಮಧ್ಯಾಂಕ ವೇತನವನ್ನು ಪ್ರಕಟಿಸುತ್ತದೆ. ಅಂದರೆ ಆ ವೃತ್ತಿಯಲ್ಲಿರುವ ಅರ್ಧದಷ್ಟು ಜನ ಅದಕ್ಕಿಂತ ಹೆಚ್ಚು, ಉಳಿದರ್ಧ ಅದಕ್ಕಿಂತ ಕಡಿಮೆ ಗಳಿಸುತ್ತಾರೆ. ಮೇ 2023ರ ಅಂಕಿಗಳಂತೆ ವಾರ್ಷಿಕ ಮಧ್ಯಾಂಕ ವೇತನ ರೇಡಿಯೇಷನ್ ಥೆರಪಿಸ್ಟ್‌ಗಳಿಗೆ ಸುಮಾರು 98,300 ಡಾಲರ್, ಡೆಂಟಲ್ ಹೈಜಿನಿಸ್ಟ್‌ಗಳಿಗೆ 87,500, ರೆಸ್ಪಿರೇಟರಿ ಥೆರಪಿಸ್ಟ್‌ಗಳಿಗೆ 78,000, ರೇಡಿಯಾಲಜಿಕ್ ಟೆಕ್ನಾಲಜಿಸ್ಟ್‌ಗಳಿಗೆ 73,400, ಫಿಸಿಕಲ್ ಥೆರಪಿಸ್ಟ್ ಅಸಿಸ್ಟೆಂಟ್‌ಗಳಿಗೆ 64,000 ಮತ್ತು ಮೆಡಿಕಲ್ ಅಸಿಸ್ಟೆಂಟ್‌ಗಳಿಗೆ 42,000 ಡಾಲರ್ ಇತ್ತು.

ಒಂದೇ ಹೆಸರಿನ ಪದವಿಯ ಕೆಳಗೆ ಎರಡು ಪಟ್ಟಿಗೂ ಮೀರಿದ ಅಂತರವಿದೆ. ಆದ್ದರಿಂದ "ಅಲೈಡ್ ಹೆಲ್ತ್‌ನಲ್ಲಿ ಒಳ್ಳೆಯ ಸಂಬಳವಿದೆ" ಎಂಬ ಮಾತಿಗೆ ಯಾವ ವೃತ್ತಿ ಎಂದು ಹೇಳದ ಹೊರತು ಅರ್ಥವಿಲ್ಲ. ಮಧ್ಯಾಂಕವೆಂದರೆ ಹೊಸಬರ ಸಂಬಳವಲ್ಲ ಎಂಬುದನ್ನೂ ಮರೆಯಬಾರದು. ಅದರಲ್ಲಿ ಇಪ್ಪತ್ತು ವರ್ಷ ಅನುಭವವಿರುವವರೂ, ರಾತ್ರಿ ಪಾಳಿಯವರೂ, ಕ್ಯಾಲಿಫೋರ್ನಿಯಾದಂಥ ದುಬಾರಿ ರಾಜ್ಯದವರೂ ಸೇರಿರುತ್ತಾರೆ. ನೀವು ಸಾಲ ತೀರಿಸಲು ಆರಂಭಿಸುವುದು ಹೊಸಬರ ಸಂಬಳದಲ್ಲಿ. ಬ್ಯೂರೊ ಪ್ರತಿ ರಾಜ್ಯಕ್ಕೂ, ಪ್ರತಿ ಮಹಾನಗರ ಪ್ರದೇಶಕ್ಕೂ ಕೆಳಗಿನ ಶೇ 10 ಮತ್ತು ಶೇ 25ರ ಅಂಕಿಗಳನ್ನು, ಅಂದರೆ ಅಷ್ಟು ಪಾಲು ಜನ ಅದಕ್ಕಿಂತ ಕಡಿಮೆ ಗಳಿಸುವ ಮಟ್ಟವನ್ನು, ಪ್ರತ್ಯೇಕವಾಗಿ ಕೊಡುತ್ತದೆ. ನಿಮ್ಮ ಊರಿನ ಶೇ 25ರ ಅಂಕಿಯನ್ನು ಆಧಾರವಾಗಿಟ್ಟುಕೊಂಡರೆ ಲೆಕ್ಕ ದಾರಿ ತಪ್ಪುವುದಿಲ್ಲ. ಡಾಲರನ್ನು ರೂಪಾಯಿಗೆ ಪರಿವರ್ತಿಸಿ ಸಂತೋಷಪಡುವ ಅಭ್ಯಾಸವನ್ನು ಇಲ್ಲಿ ಬಿಡಲೇಬೇಕು, ಏಕೆಂದರೆ ಬಾಡಿಗೆ, ಕಾರಿನ ವಿಮೆ, ಸಾಲದ ಕಂತು ಎಲ್ಲವೂ ಡಾಲರಿನಲ್ಲೇ ಹೋಗುತ್ತವೆ.

ಸರ್ಕಾರದಿಂದ ಎಷ್ಟು ಸಾಲ ಸಿಗುತ್ತದೆ?

ತಂದೆತಾಯಿಯ ಅವಲಂಬಿತ ಎಂದು ಪರಿಗಣಿಸಲಾಗುವ ವಿದ್ಯಾರ್ಥಿಗೆ ಫೆಡರಲ್ ಡೈರೆಕ್ಟ್ ಸಾಲ ಮೊದಲ ವರ್ಷ 5,500 ಡಾಲರ್, ಎರಡನೆಯ ವರ್ಷ 6,500 ಡಾಲರ್ ದೊರೆಯುತ್ತದೆ. ಸ್ವತಂತ್ರ ವಿದ್ಯಾರ್ಥಿಗೆ ಇದು 9,500 ಮತ್ತು 10,500 ಡಾಲರ್. ಫಾಫ್ಸಾ ಎಂಬ ಫೆಡರಲ್ ವಿದ್ಯಾರ್ಥಿ ನೆರವಿನ ಅರ್ಜಿಯಲ್ಲಿ 24 ವರ್ಷ ತುಂಬಿದವರೂ ವಿವಾಹಿತರೂ ಸ್ವತಂತ್ರರೆಂದೇ ಪರಿಗಣಿತರಾಗುತ್ತಾರೆ. ಆದರೆ ವಿವಾಹಿತರ ಅರ್ಜಿಯಲ್ಲಿ ಸಂಗಾತಿಯ ಆದಾಯವೂ ಲೆಕ್ಕಕ್ಕೆ ಬರುತ್ತದೆ. 2025–26ರಲ್ಲಿ ಈ ಸಾಲದ ಬಡ್ಡಿ ಶೇ 6.39. ತಂದೆತಾಯಿಯ ಹೆಸರಿನಲ್ಲಿ ತೆಗೆಯುವ ಪೇರೆಂಟ್ ಪ್ಲಸ್ ಸಾಲಕ್ಕೆ ಶೇ 8.94.

2025ರ ಜುಲೈನಲ್ಲಿ ಜಾರಿಯಾದ ಹೊಸ ಕಾನೂನಿನಂತೆ 2026ರ ಜುಲೈ 1ರಿಂದ ಪೇರೆಂಟ್ ಪ್ಲಸ್‌ಗೆ ಪ್ರತಿ ಮಗುವಿಗೆ ವರ್ಷಕ್ಕೆ 20,000, ಒಟ್ಟು 65,000 ಡಾಲರಿನ ಮಿತಿ ಬರುತ್ತದೆ, ಮತ್ತು ಅರೆಕಾಲಿಕವಾಗಿ ಓದುವವರ ವಾರ್ಷಿಕ ಸಾಲದ ಮಿತಿ ಅವರು ತೆಗೆದುಕೊಂಡ ಪಾಠಗಳಿಗೆ ಅನುಗುಣವಾಗಿ ಇಳಿಯುತ್ತದೆ. ಮಕ್ಕಳನ್ನು ನೋಡಿಕೊಳ್ಳುತ್ತಾ ನಿಧಾನವಾಗಿ ಓದಲು ಬಯಸುವ ತಾಯಂದಿರಿಗೆ ಈ ಎರಡನೆಯ ಬದಲಾವಣೆ ನೇರವಾಗಿ ತಟ್ಟುತ್ತದೆ.

ಎಷ್ಟು ಸಾಲ ಸಿಗುತ್ತದೆ ಎಂಬುದು ಸರಿ, ಎಷ್ಟು ಮಾಡುವುದು ಸರಿ?

"ಒಟ್ಟು ಸಾಲ ಮೊದಲ ವರ್ಷದ ಸಂಬಳಕ್ಕಿಂತ ಕಡಿಮೆಯಿರಲಿ" ಎಂಬ ಸಲಹೆ ಎಲ್ಲೆಡೆ ಕೇಳಿಬರುತ್ತದೆ. ಎರಡು ವರ್ಷದ ಪದವಿಗೆ ಅದು ತೀರಾ ಸಡಿಲವಾದ ಅಳತೆ ಎಂಬುದು ನಮ್ಮ ಅಭಿಪ್ರಾಯ. ಫೆಡರಲ್ ಶಿಕ್ಷಣ ಇಲಾಖೆ 2023ರಲ್ಲಿ ಹೊರಡಿಸಿದ ಗೇನ್‌ಫುಲ್ ಎಂಪ್ಲಾಯ್‌ಮೆಂಟ್ ನಿಯಮದಲ್ಲಿ ಇನ್ನೂ ಬಿಗಿಯಾದ ಒಂದು ಮಾನದಂಡವಿದೆ: ವರ್ಷದ ಸಾಲದ ಕಂತುಗಳು ವಾರ್ಷಿಕ ಗಳಿಕೆಯ ಶೇ 8ನ್ನು ಮೀರಬಾರದು, ಮತ್ತು ಅಸೋಸಿಯೇಟ್ ಪದವಿಗೆ ಕಂತನ್ನು ಹತ್ತು ವರ್ಷದ ಅವಧಿಗೆ ಲೆಕ್ಕ ಹಾಕಬೇಕು. ಆ ನಿಯಮ ಕಾಲೇಜುಗಳನ್ನು ಅಳೆಯಲು ರೂಪಿಸಿದ್ದು, ಆದರೆ ಮನೆಯ ಲೆಕ್ಕಕ್ಕೂ ಅದು ಚೆನ್ನಾಗಿ ಒದಗುತ್ತದೆ.

ಶೇ 6.39ರ ಬಡ್ಡಿಯಲ್ಲಿ 20,000 ಡಾಲರ್ ಸಾಲವನ್ನು ಹತ್ತು ವರ್ಷದಲ್ಲಿ ತೀರಿಸಲು ತಿಂಗಳಿಗೆ ಸುಮಾರು 226 ಡಾಲರ್ ಬೇಕು. ಒಟ್ಟು ಕಟ್ಟುವುದು 27,000 ಡಾಲರಿಗಿಂತ ತುಸು ಹೆಚ್ಚು. ರೇಡಿಯಾಲಜಿಕ್ ಟೆಕ್ನಾಲಜಿಸ್ಟ್ ಒಬ್ಬರು 55,000 ಡಾಲರಿಗೆ ಕೆಲಸ ಆರಂಭಿಸಿದರು ಎಂದುಕೊಂಡರೆ, ಶೇ 8 ಎಂದರೆ ತಿಂಗಳಿಗೆ 367 ಡಾಲರ್. ಸುಮಾರು 32,000 ಡಾಲರ್ ಸಾಲದವರೆಗೆ ಉಸಿರಾಡಲು ಜಾಗವಿದೆ. ಮೆಡಿಕಲ್ ಅಸಿಸ್ಟೆಂಟ್‌ಗೆ ಮಧ್ಯಾಂಕದ 42,000 ಡಾಲರೇ ಸಿಕ್ಕರೂ ಶೇ 8 ಎಂದರೆ 280 ಡಾಲರ್, ಅಂದರೆ 25,000 ಡಾಲರಿನ ಒಳಗಿನ ಸಾಲ. ಮೊದಲ ಸಂಬಳ 34,000 ಆಗಿದ್ದರೆ ಮಿತಿ ಸುಮಾರು 20,000ಕ್ಕೆ ಇಳಿಯುತ್ತದೆ. ಈ ಮಿತಿಗಳು ಗುರಿಗಳಲ್ಲ. ಸರ್ಕಾರಿ ಕಮ್ಯುನಿಟಿ ಕಾಲೇಜಿನಲ್ಲಿ (ಎರಡು ವರ್ಷದ ಸ್ಥಳೀಯ ಕಾಲೇಜು) ಓದಿದವರಿಗೆ ಇದರ ಅರ್ಧ ಸಾಲವೂ ಬೇಕಾಗದೆ ಹೋಗಬಹುದು.

ಕಮ್ಯುನಿಟಿ ಕಾಲೇಜಿನಲ್ಲಿ ಸೀಟಿಗೆ ಕಾಯಬೇಕು, ಖಾಸಗಿ ಕಾಲೇಜು ಮುಂದಿನ ತಿಂಗಳೇ ಸೇರಿಸಿಕೊಳ್ಳುತ್ತದೆ. ಬೇಗ ಮುಗಿಸಿ ಬೇಗ ಗಳಿಸುವುದು ಜಾಣತನವಲ್ಲವೇ?

ಈ ಪುಟದ ಅತ್ಯಂತ ಮುಖ್ಯ ಪ್ರಶ್ನೆ ಇದು.

ಕಾಲೇಜ್ ಬೋರ್ಡ್ ಪ್ರಕಟಿಸುವ ಲೆಕ್ಕದಂತೆ 2024–25ರಲ್ಲಿ ಸ್ಥಳೀಯ ವಿದ್ಯಾರ್ಥಿಗೆ ಸರ್ಕಾರಿ ಎರಡು ವರ್ಷದ ಕಾಲೇಜಿನ ಸರಾಸರಿ ಬೋಧನಾ ಶುಲ್ಕ ವರ್ಷಕ್ಕೆ ಸುಮಾರು 4,050 ಡಾಲರ್. ಅದೇ ವರ್ಷ ಕಡಿಮೆ ಆದಾಯದವರಿಗೆ ಫೆಡರಲ್ ಸರ್ಕಾರ ಕೊಡುವ ಪೆಲ್ ಗ್ರಾಂಟ್‌ನ ಗರಿಷ್ಠ ಮೊತ್ತ 7,395 ಡಾಲರ್. ಅಂದರೆ ಕಡಿಮೆ ಆದಾಯದ ಕುಟುಂಬದ ವಿದ್ಯಾರ್ಥಿಗೆ ಶುಲ್ಕ ತುಂಬಿದ ಮೇಲೂ ಪುಸ್ತಕ, ಸಮವಸ್ತ್ರ, ಪ್ರಯಾಣಕ್ಕೆ ಹಣ ಉಳಿಯುತ್ತದೆ, ಮತ್ತು ಅದನ್ನು ಮರಳಿಸಬೇಕಿಲ್ಲ. ಲಾಭಕ್ಕಾಗಿ ನಡೆಯುವ ಕಾಲೇಜಿನಲ್ಲಿ ಇದೇ ಪದವಿಯ ಒಟ್ಟು ಶುಲ್ಕ 40,000 ಡಾಲರ್ ದಾಟುವುದು ಅಪರೂಪವಲ್ಲ.

ಆದರೆ ಪರೀಕ್ಷೆ ಒಂದೇ, ಲೈಸೆನ್ಸ್ ಒಂದೇ. ರೆಸ್ಪಿರೇಟರಿ ಥೆರಪಿಸ್ಟ್ ಆಗಲು ಎಲ್ಲರೂ ಎನ್‌ಬಿಆರ್‌ಸಿ ಎಂಬ ರಾಷ್ಟ್ರೀಯ ಮಂಡಳಿ ನಡೆಸುವ ಪರೀಕ್ಷೆಯನ್ನೇ ಬರೆಯುತ್ತಾರೆ. ರೇಡಿಯಾಗ್ರಫಿಗೆ (ಎಕ್ಸ್‌ರೇ) ಎಆರ್‌ಆರ್‌ಟಿ ಸಂಸ್ಥೆಯ ಪರೀಕ್ಷೆ, ಹೈಜಿನಿಸ್ಟ್‌ಗಳಿಗೆ ರಾಷ್ಟ್ರೀಯ ಬೋರ್ಡ್ ಪರೀಕ್ಷೆ. ಆಸ್ಪತ್ರೆಯ ಸಂಬಳದ ಶ್ರೇಣಿ ಸಾಮಾನ್ಯವಾಗಿ ಅರ್ಹತಾಪತ್ರ ಮತ್ತು ಅನುಭವದ ವರ್ಷಗಳ ಮೇಲೆ ನಿಂತಿರುತ್ತದೆಯೇ ಹೊರತು ಕಾಲೇಜಿನ ಹೆಸರಿನ ಮೇಲಲ್ಲ. ಹೀಗಾಗಿ ಸಂಬಳದ ಕಡೆ ನಿಮ್ಮ ಕೈಯಲ್ಲಿ ಹೆಚ್ಚೇನೂ ಇಲ್ಲ. ಸಾಲದ ಕಡೆ ಬಹುಪಾಲು ನಿಮ್ಮ ಕೈಯಲ್ಲೇ ಇದೆ. ಈ ಕ್ಷೇತ್ರದಲ್ಲಿ ಗಳಿಕೆ ಮತ್ತು ಸಾಲದ ತೂಕ ಬಹುಮಟ್ಟಿಗೆ ನಿರ್ಧಾರವಾಗುವುದು ನೀವು ಯಾವ ಕಾಲೇಜಿನ ಬಾಗಿಲು ತಟ್ಟುತ್ತೀರಿ ಎಂಬ ಹಂತದಲ್ಲೇ.

ಕಾಯುವುದಕ್ಕೂ ಬೆಲೆಯಿದೆ ಎಂಬ ವಾದ ಸುಳ್ಳಲ್ಲ. ಒಂದು ವರ್ಷ ತಡವಾದರೆ ಒಂದು ವರ್ಷದ ಸಂಬಳ ಕೈತಪ್ಪುತ್ತದೆ. 70,000 ಡಾಲರ್ ಗಳಿಸಬಹುದಾದ ವೃತ್ತಿಯಲ್ಲಿ ಒಂದು ವರ್ಷ ಕಾಯುವುದಕ್ಕಿಂತ 25,000 ಡಾಲರ್ ಹೆಚ್ಚು ಶುಲ್ಕ ಕೊಡುವುದು ಕಾಗದದ ಮೇಲೆ ಲಾಭದಾಯಕವಾಗಿಯೇ ಕಾಣಬಹುದು. ಆದರೆ ಈ ವಾದ ನಿಲ್ಲಬೇಕಾದರೆ ಮೂರು ಸಂಗತಿಗಳು ಒಟ್ಟಿಗೆ ನಿಜವಾಗಬೇಕು: ಆ ಕಾಲೇಜಿನ ಕೋರ್ಸಿಗೆ ವೃತ್ತಿ ಸಂಸ್ಥೆಯ ಮಾನ್ಯತೆ ಇರಬೇಕು, ನೀವು ಹೇಳಿದ ಅವಧಿಯಲ್ಲೇ ಮುಗಿಸಬೇಕು, ಮತ್ತು ಕಾಯುವ ವರ್ಷದಲ್ಲಿ ನೀವು ಬೇರೇನೂ ಗಳಿಸುವುದಿಲ್ಲ ಎಂದಿರಬೇಕು. ಕಾಯುವ ವರ್ಷದಲ್ಲಿ ಕೆಲಸ ಮಾಡುತ್ತಾ ಅನಾಟಮಿ, ಮೈಕ್ರೊಬಯಾಲಜಿಯಂಥ ಪೂರ್ವ ಪಾಠಗಳನ್ನು ಮುಗಿಸುವವರಿಗೆ ವಾದದ ಅರ್ಧ ಬಲ ಅಲ್ಲೇ ಕುಸಿಯುತ್ತದೆ.

ಕೊರಿಂಥಿಯನ್ ಕಾಲೇಜಸ್ ಎಂಬ ಲಾಭದ ಸಂಸ್ಥೆ ಎವರೆಸ್ಟ್, ಹೀಲ್ಡ್ ಮುಂತಾದ ಹೆಸರುಗಳಲ್ಲಿ ಮೆಡಿಕಲ್ ಅಸಿಸ್ಟಿಂಗ್ ಸೇರಿದಂತೆ ಅನೇಕ ಕೋರ್ಸುಗಳನ್ನು ಮಾರುತ್ತಾ ಬಂದು 2015ರ ಏಪ್ರಿಲ್‌ನಲ್ಲಿ ಏಕಾಏಕಿ ಬಾಗಿಲು ಮುಚ್ಚಿತು. 2022ರ ಜೂನ್‌ನಲ್ಲಿ ಶಿಕ್ಷಣ ಇಲಾಖೆ ಸುಮಾರು 5,60,000 ಸಾಲಗಾರರ 580 ಕೋಟಿ ಡಾಲರ್ ಸಾಲವನ್ನು ಮನ್ನಾ ಮಾಡಬೇಕಾಯಿತು. ನಡುವಿನ ಏಳು ವರ್ಷ ಆ ಸಾಲದ ಭಾರವನ್ನು ಹೊತ್ತವರು ವಿದ್ಯಾರ್ಥಿಗಳೇ. "ಮುಂದಿನ ಸೋಮವಾರವೇ ತರಗತಿ ಆರಂಭ, ಇಂದೇ ಸಹಿ ಹಾಕಿ" ಎನ್ನುವ ಪ್ರವೇಶಾಧಿಕಾರಿಯ ಮುಂದೆ ಕುಳಿತಾಗ ಇದು ನೆನಪಿರಲಿ.

ಕಾಲೇಜ್ ಸ್ಕೋರ್‌ಕಾರ್ಡ್‌ನ ಅಂಕಿಗಳನ್ನು ನಂಬಬಹುದೇ?

ನಂಬಬಹುದು, ಆದರೆ ಅವು ಏನನ್ನು ಅಳೆಯುತ್ತವೆ ಎಂದು ತಿಳಿದು ಓದಬೇಕು. ಶಿಕ್ಷಣ ಇಲಾಖೆಯ ಈ ಜಾಲತಾಣ ಕಾಲೇಜುವಾರು, ವಿಷಯವಾರು ಮಧ್ಯಾಂಕ ಗಳಿಕೆ ಮತ್ತು ಮಧ್ಯಾಂಕ ಸಾಲವನ್ನು ತೋರಿಸುತ್ತದೆ. ಮಾರಾಟದ ಮಾತಿಗಿಂತ ಇದು ಎಷ್ಟೋ ಮೇಲು.

ತೊಡಕು ವಿಷಯಗಳ ವಿಂಗಡಣೆಯಲ್ಲಿದೆ. ಸ್ಕೋರ್‌ಕಾರ್ಡ್ ವಿಷಯಗಳನ್ನು ನಾಲ್ಕಂಕಿಯ ಸಂಕೇತಗಳಲ್ಲಿ ಗುಂಪು ಮಾಡುತ್ತದೆ. 51.09 ಎಂಬ ಗುಂಪಿನಲ್ಲಿ ರೇಡಿಯಾಗ್ರಫಿ, ಸೋನೋಗ್ರಫಿ, ರೆಸ್ಪಿರೇಟರಿ ಕೇರ್, ಸರ್ಜಿಕಲ್ ಟೆಕ್ನಾಲಜಿ ಎಲ್ಲವೂ ಒಟ್ಟಿಗಿವೆ. 51.08ರಲ್ಲಿ ಫಿಸಿಕಲ್ ಥೆರಪಿಸ್ಟ್ ಅಸಿಸ್ಟೆಂಟ್ ಮತ್ತು ಮೆಡಿಕಲ್ ಅಸಿಸ್ಟೆಂಟ್ ಅಕ್ಕಪಕ್ಕ ಕುಳಿತಿದ್ದಾರೆ. ಒಂದು ಕಾಲೇಜು ಎರಡನ್ನೂ ಅಸೋಸಿಯೇಟ್ ಪದವಿಯಾಗಿ ಕಲಿಸುತ್ತಿದ್ದರೆ, ತೆರೆಯ ಮೇಲೆ ಕಾಣುವ ಗಳಿಕೆ ಅವರಿಬ್ಬರಲ್ಲಿ ಯಾರದ್ದೂ ಆಗಿರುವುದಿಲ್ಲ. ಆದ್ದರಿಂದ ಮೊದಲು ಆ ಕಾಲೇಜು ಆ ಗುಂಪಿನಲ್ಲಿ ಯಾವ ಯಾವ ಕೋರ್ಸು ನಡೆಸುತ್ತದೆ ಎಂದು ಕಾಲೇಜಿನ ಕ್ಯಾಟಲಾಗ್‌ನಲ್ಲಿ ನೋಡಿ, ಆಮೇಲೆ ಅಂಕಿಯನ್ನು ಓದಬೇಕು.

ಇನ್ನೂ ಎರಡು ಮಾತು. ಗಳಿಕೆಯ ಅಂಕಿ ಫೆಡರಲ್ ನೆರವು ಪಡೆದು ಪದವಿ ಮುಗಿಸಿದವರದ್ದು ಮಾತ್ರ. ನಡುವೆ ಬಿಟ್ಟವರು ಅದರಲ್ಲಿಲ್ಲ. ಸಾಲದ ಮಧ್ಯಾಂಕ ಫೆಡರಲ್ ಸಾಲ ಮಾಡಿದವರದ್ದು; ಬ್ಯಾಂಕಿನ ಖಾಸಗಿ ಸಾಲ, ಕಾಲೇಜೇ ಕಂತಿನ ಮೇಲೆ ಕೊಟ್ಟ ಸಾಲ ಅದರಲ್ಲಿ ಸೇರುವುದಿಲ್ಲ. ದುಬಾರಿ ಕಾಲೇಜುಗಳಲ್ಲಿ ಫೆಡರಲ್ ಮಿತಿ ದಾಟಿದ ಮೊತ್ತ ಇಂಥ ಸಾಲಗಳಿಗೇ ಹೋಗುವುದರಿಂದ, ತೆರೆಯ ಮೇಲಿನ ಅಂಕಿ ನಿಜವಾದ ಸಾಲಕ್ಕಿಂತ ಕಡಿಮೆಯಾಗಿ ಕಾಣುತ್ತದೆ.

ಮಾನ್ಯತೆಯನ್ನು ಪರಿಶೀಲಿಸುವುದು ಹೇಗೆ?

ಕಾಲೇಜಿಗೆ ಮಾನ್ಯತೆ ಇದ್ದರೆ ಸಾಲದು, ಕೋರ್ಸಿಗೂ ಇರಬೇಕು. ರೇಡಿಯಾಗ್ರಫಿಗೆ ಜೆಆರ್‌ಸಿಇಆರ್‌ಟಿ, ರೆಸ್ಪಿರೇಟರಿ ಕೇರ್‌ಗೆ ಕೋಆರ್ಕ್, ಡೆಂಟಲ್ ಹೈಜೀನ್‌ಗೆ ಕೋಡಾ, ಫಿಸಿಕಲ್ ಥೆರಪಿಸ್ಟ್ ಅಸಿಸ್ಟೆಂಟ್‌ಗೆ ಕ್ಯಾಪ್ಟಿ, ಲ್ಯಾಬ್‌ಗೆ ನ್ಯಾಕಲ್ಸ್ ಎಂಬ ಸಂಸ್ಥೆಗಳಿವೆ. ಇವುಗಳ ಜಾಲತಾಣದಲ್ಲೇ ಹುಡುಕಬೇಕು, ಕಾಲೇಜಿನ ಕರಪತ್ರದಲ್ಲಲ್ಲ.

ಇವು ಫಲಿತಾಂಶಗಳನ್ನೂ ಪ್ರಕಟಿಸುತ್ತವೆ ಎಂಬುದು ಹಲವರಿಗೆ ಗೊತ್ತಿಲ್ಲ. ಜೆಆರ್‌ಸಿಇಆರ್‌ಟಿ ಮಾನ್ಯತೆಯ ಪ್ರತಿ ಕೋರ್ಸಿಗೂ ಎಷ್ಟು ಜನ ಮುಗಿಸಿದರು, ಎಷ್ಟು ಜನ ಮೊದಲ ಪ್ರಯತ್ನದಲ್ಲಿ ಪರೀಕ್ಷೆ ಪಾಸಾದರು, ಎಷ್ಟು ಜನರಿಗೆ ಹನ್ನೆರಡು ತಿಂಗಳೊಳಗೆ ಕೆಲಸ ಸಿಕ್ಕಿತು ಎಂಬ ವಿವರ ಲಭ್ಯವಿದೆ. ಐದು ವರ್ಷದ ಸರಾಸರಿಯಲ್ಲಿ ಶೇ 75ರಷ್ಟು ಉತ್ತೀರ್ಣತೆ ಕನಿಷ್ಠ ಮಟ್ಟ. ಸಂಬಳದ ಅಂಕಿಗಿಂತ ಮೊದಲು ನೋಡಬೇಕಾದದ್ದು ಕೋರ್ಸು ಮುಗಿಸಿದವರ ಪ್ರಮಾಣ, ಏಕೆಂದರೆ ಉಳಿದ ಲೆಕ್ಕವೆಲ್ಲ ಮುಗಿಸುತ್ತೀರಿ ಎಂಬ ಊಹೆಯ ಮೇಲೆ ನಿಂತಿದೆ.

ನಡುವೆ ಬಿಟ್ಟರೆ ಸಾಲ ಏನಾಗುತ್ತದೆ?

ಪೂರ್ತಿ ಉಳಿಯುತ್ತದೆ, ಪೂರ್ಣಾವಧಿಯ ಅರ್ಧಕ್ಕಿಂತ ಕಡಿಮೆ ಪಾಠಗಳಿಗೆ ಇಳಿದ ಆರು ತಿಂಗಳಿಗೆ ಕಂತು ಆರಂಭವಾಗುತ್ತದೆ. ಸೆಮಿಸ್ಟರಿನ ಶೇ 60ರಷ್ಟು ಅವಧಿ ಮುಗಿಯುವ ಮುನ್ನ ಎಲ್ಲ ಪಾಠಗಳನ್ನೂ ಬಿಟ್ಟರೆ ಫೆಡರಲ್ ನೆರವಿನ ಒಂದು ಪಾಲನ್ನು ಮರಳಿಸಬೇಕಾಗುತ್ತದೆ, ಮತ್ತು ಅದರಿಂದ ಕಾಲೇಜಿಗೇ ಬಾಕಿ ಬೀಳುವ ಸಂಭವವಿದೆ. ಲೈಸೆನ್ಸ್ ಇಲ್ಲದೆ ಉಳಿದ ಅರ್ಧ ಪದವಿಗೆ ಆಸ್ಪತ್ರೆಯಲ್ಲಿ ಬೆಲೆಯಿಲ್ಲ. ಹತ್ತು ಸಾವಿರ ಡಾಲರ್ ಸಾಲವಿದ್ದು ಪದವಿ ಇಲ್ಲದವರ ಸ್ಥಿತಿ, ಮೂವತ್ತು ಸಾವಿರ ಸಾಲವಿದ್ದು ಲೈಸೆನ್ಸ್ ಇರುವವರಿಗಿಂತ ಕಷ್ಟದ್ದು.

ಎರಡು ವರ್ಷದ ಪದವಿ ನಿಜವಾಗಿ ಎರಡೇ ವರ್ಷದ್ದೇ?

ಸಾಮಾನ್ಯವಾಗಿ ಅಲ್ಲ. ಪೂರ್ವ ಪಾಠಗಳಿಗೆ ಎರಡರಿಂದ ಮೂರು ಸೆಮಿಸ್ಟರ್ ಹಿಡಿಯುತ್ತದೆ. ಕ್ಲಿನಿಕಲ್ ತರಬೇತಿ ಬಹುತೇಕ ಸಂಬಳವಿಲ್ಲದ್ದು, ಹಗಲಿನಲ್ಲೇ ನಡೆಯುವಂಥದ್ದು. ಆ ತಿಂಗಳುಗಳಲ್ಲಿ ಪೂರ್ಣಾವಧಿ ಕೆಲಸ ಅಸಾಧ್ಯ. ಶುಲ್ಕಕ್ಕಿಂತ ಹೆಚ್ಚಾಗಿ ಆ ಅವಧಿಯ ಮನೆಖರ್ಚೇ ಅನೇಕರ ಸಾಲವನ್ನು ಬೆಳೆಸುತ್ತದೆ, ಆದ್ದರಿಂದ ಮೂರು ವರ್ಷದ ಲೆಕ್ಕ ಹಾಕಿ.

ಎಚ್-4 (ಎಚ್-1ಬಿ ನೌಕರರ ಸಂಗಾತಿಯ) ಅಥವಾ ಎಫ್-1 (ವಿದ್ಯಾರ್ಥಿ) ವೀಸಾದಲ್ಲಿರುವವರಿಗೆ ಈ ಲೆಕ್ಕ ಅನ್ವಯಿಸುತ್ತದೆಯೇ?

ಬಹಳ ಬದಲಾಗುತ್ತದೆ. ಫೆಡರಲ್ ಸಾಲ ಮತ್ತು ಪೆಲ್ ಗ್ರಾಂಟ್ ಪೌರರಿಗೆ, ಗ್ರೀನ್ ಕಾರ್ಡ್ ಇರುವವರಿಗೆ ಮತ್ತು ಇನ್ನು ಕೆಲವೇ ವರ್ಗದವರಿಗೆ ಮಾತ್ರ. ಎಚ್-4ನಲ್ಲಿ ಓದಲು ಅಡ್ಡಿಯಿಲ್ಲ, ಆದರೆ ಹಣ ಮನೆಯದ್ದೇ ಆಗಬೇಕು ಅಥವಾ ಖಾಸಗಿ ಸಾಲವಾಗಬೇಕು. ಸ್ಥಳೀಯರ ಶುಲ್ಕ ಸಿಗುತ್ತದೆಯೇ ಎಂಬುದು ರಾಜ್ಯದಿಂದ ರಾಜ್ಯಕ್ಕೆ ಬೇರೆ.

ಓದಿದ ಮೇಲೆ ಕೆಲಸ ಮಾಡುವ ಪರವಾನಗಿಯೇ ದೊಡ್ಡ ಪ್ರಶ್ನೆ. ಎಚ್-4 ಕೆಲಸದ ಪರವಾನಗಿ 2015ರ ಮೇ ತಿಂಗಳಿಂದ ಇದೆ, ಆದರೆ ಮುಖ್ಯವಾಗಿ ಸಂಗಾತಿಯ ಐ-140 (ಗ್ರೀನ್ ಕಾರ್ಡಿನ ದಾರಿಯಲ್ಲಿ ಉದ್ಯೋಗದಾತರು ಸಲ್ಲಿಸುವ) ಅರ್ಜಿ ಮಂಜೂರಾಗಿದ್ದರೆ ಮಾತ್ರ ದೊರೆಯುತ್ತದೆ. ಎಫ್-1 ವಿದ್ಯಾರ್ಥಿಗೆ ಅಸೋಸಿಯೇಟ್ ಪದವಿಯ ನಂತರ ಹನ್ನೆರಡು ತಿಂಗಳ ಒಪಿಟಿ, ಅಂದರೆ ತಾತ್ಕಾಲಿಕ ಕೆಲಸದ ಅನುಮತಿ, ಸಿಗಬಹುದು. ವಿಜ್ಞಾನ, ತಂತ್ರಜ್ಞಾನದಂಥ ವಿಷಯಗಳಿಗೆ ಸಿಗುವ ಅದರ ಸ್ಟೆಮ್ ವಿಸ್ತರಣೆ ಬ್ಯಾಚುಲರ್ ಅಥವಾ ಮೇಲಿನ ಪದವಿಗಳಿಗೆ ಮೀಸಲು. ಎಚ್-1ಬಿ ವೀಸಾ ಕನಿಷ್ಠ ಬ್ಯಾಚುಲರ್ ಪದವಿ ಬೇಡುವ ಹುದ್ದೆಗಳಿಗೆ ಇರುವುದರಿಂದ ಈ ವೃತ್ತಿಗಳು ಸಾಮಾನ್ಯವಾಗಿ ಅದರ ವ್ಯಾಪ್ತಿಗೆ ಬರುವುದಿಲ್ಲ. ಕರ್ನಾಟಕದಲ್ಲಿ ಮನೆ ಅಥವಾ ಜಮೀನನ್ನು ಅಡವಿಟ್ಟು ಶಿಕ್ಷಣ ಸಾಲ ತೆಗೆದು ಎಫ್-1ನಲ್ಲಿ ಅಸೋಸಿಯೇಟ್ ಪದವಿಗೆ ಬರುವ ಯೋಚನೆಯನ್ನು ನಾವು ಯಾರಿಗೂ ಸಲಹೆ ಮಾಡುವುದಿಲ್ಲ: ಸಾಲದ ಅವಧಿ ಹತ್ತು ವರ್ಷ, ಕೆಲಸದ ಖಾತರಿ ಒಂದು ವರ್ಷ.

ಭಾರತದಲ್ಲಿ ಬಿಡಿಎಸ್ ಅಥವಾ ಬಿಎಸ್ಸಿ ಮುಗಿಸಿದ್ದೇನೆ. ಮತ್ತೆ ಅಸೋಸಿಯೇಟ್ ಪದವಿ ಬೇಕೇ?

ಸೇರುವ ಮುನ್ನ ಬೇಡದಿರುವ ದಾರಿಯನ್ನು ಹುಡುಕಿ. ಲ್ಯಾಬ್ ಟೆಕ್ನಾಲಜಿಯಲ್ಲಿ ಪದವಿ ಇರುವವರು ತಮ್ಮ ಅಂಕಪಟ್ಟಿಗಳ ಮೌಲ್ಯಮಾಪನ ಮಾಡಿಸಿ ಎಎಸ್‌ಸಿಪಿ ಎಂಬ ವೃತ್ತಿ ಸಂಸ್ಥೆಯ ಲ್ಯಾಬ್ ಪರೀಕ್ಷೆಗೆ ನೇರವಾಗಿ ಅರ್ಹರಾಗಬಹುದು. ಆಗ ಎರಡು ವರ್ಷವೂ ಉಳಿಯುತ್ತದೆ, ಸಾಲವೂ ಉಳಿಯುತ್ತದೆ. ಕರ್ನಾಟಕವೂ ಸೇರಿದಂತೆ ಅಮೆರಿಕದ ಹೊರಗಿನ ದಂತ ಕಾಲೇಜುಗಳಲ್ಲಿ ಓದಿ ಬಂದವರಿಗೆ ಫ್ಲಾರಿಡಾ ರಾಜ್ಯ ಹೈಜಿನಿಸ್ಟ್ ಲೈಸೆನ್ಸಿಗೆ ಪ್ರತ್ಯೇಕ ದಾರಿ ಇಟ್ಟಿದೆ. ಆದರೆ ಬಹುತೇಕ ರಾಜ್ಯಗಳಲ್ಲಿ ಮಾನ್ಯತೆಯ ಹೈಜೀನ್ ಕೋರ್ಸನ್ನೇ ಮುಗಿಸಬೇಕು. ರೇಡಿಯಾಗ್ರಫಿಯವರು ಎಆರ್‌ಆರ್‌ಟಿಯ ಅರ್ಹತೆಯ ನಿಯಮವನ್ನು ಮೊದಲು ಓದಬೇಕು. ಅದು ತಾನು ಒಪ್ಪಿದ ಕೋರ್ಸಿನಲ್ಲಿ ಓದಿರಬೇಕೆಂದು ಕೇಳುತ್ತದೆ, ಮತ್ತು 2015ರಿಂದ ಅಸೋಸಿಯೇಟ್ ಅಥವಾ ಮೇಲಿನ ಪದವಿಯನ್ನೂ ಕಡ್ಡಾಯ ಮಾಡಿದೆ.

ಹಣಕಾಸಿನ ಒಂದು ಸೂಕ್ಷ್ಮವಿದೆ. ಬ್ಯಾಚುಲರ್ ಪದವಿ ಇರುವವರಿಗೆ, ಅದು ಭಾರತದ್ದೇ ಆಗಿದ್ದರೂ, ಪೆಲ್ ಗ್ರಾಂಟ್ ಸಿಗುವುದಿಲ್ಲ. ಗ್ರೀನ್ ಕಾರ್ಡ್ ಇದ್ದರೆ ಫೆಡರಲ್ ಸಾಲಕ್ಕೆ ಮಾತ್ರ ಅರ್ಹತೆ ಉಳಿಯುತ್ತದೆ. ಫಾಫ್ಸಾದಲ್ಲಿ ಈ ಪದವಿಯನ್ನು ಮುಚ್ಚಿಡಬಾರದು.

ಲಾಭರಹಿತ ಆಸ್ಪತ್ರೆಯಲ್ಲಿ ಹತ್ತು ವರ್ಷ ದುಡಿದರೆ ಸಾಲ ಮನ್ನಾ ಆಗುತ್ತದಂತೆ, ನಿಜವೇ?

ಕಾರ್ಯಕ್ರಮ ನಿಜ. ಸರ್ಕಾರಿ ಅಥವಾ ಲಾಭರಹಿತ ಸಂಸ್ಥೆಯಲ್ಲಿ ಪೂರ್ಣಾವಧಿ ಕೆಲಸ ಮಾಡುತ್ತಾ 120 ಅರ್ಹ ಕಂತು ಕಟ್ಟಿದವರ ಉಳಿದ ಫೆಡರಲ್ ಸಾಲ ಮನ್ನಾ ಆಗುತ್ತದೆ. ಆದರೆ 15,000 ಡಾಲರ್ ಸಾಲವನ್ನು ಹತ್ತು ವರ್ಷದ ಸಾಮಾನ್ಯ ಯೋಜನೆಯಲ್ಲಿ ಕಟ್ಟುವವರಿಗೆ 120ನೇ ಕಂತಿನ ಹೊತ್ತಿಗೆ ಮನ್ನಾ ಆಗಲು ಏನೂ ಉಳಿದಿರುವುದಿಲ್ಲ. ಇದು ಮುಖ್ಯವಾಗಿ ಸಂಬಳಕ್ಕೆ ಹೋಲಿಸಿದರೆ ದೊಡ್ಡ ಸಾಲವಿದ್ದು ಆದಾಯ ಆಧಾರಿತ ಕಂತು ಕಟ್ಟುವವರಿಗೆ ಉಪಯೋಗಿ. ಮನ್ನಾವನ್ನು ನಂಬಿ ದುಬಾರಿ ಕಾಲೇಜು ಆರಿಸುವುದು ತಲೆಕೆಳಗಾದ ಲೆಕ್ಕ.

2026ರ ಜುಲೈ 1ರಿಂದ ತೆಗೆಯುವ ಹೊಸ ಸಾಲಗಳಿಗೆ ಆದಾಯ ಆಧಾರಿತ ದಾರಿ ಒಂದೇ: ರಿಪೇಮೆಂಟ್ ಅಸಿಸ್ಟೆನ್ಸ್ ಪ್ಲಾನ್. ಅದರಲ್ಲಿ 42,000 ಡಾಲರ್ ಆದಾಯದವರು ಶೇ 4ರಂತೆ ತಿಂಗಳಿಗೆ 140 ಡಾಲರ್ ಕಟ್ಟಬೇಕು. ಪ್ರತಿ ಅವಲಂಬಿತ ಮಗುವಿಗೆ 50 ಡಾಲರ್ ಇಳಿಕೆ. ಉಳಿದದ್ದು ಮನ್ನಾ ಆಗಲು ಮೂವತ್ತು ವರ್ಷ ಬೇಕು. ಸಾಮಾನ್ಯ ಯೋಜನೆಯೂ ಬದಲಾಗಿ, 25,000 ಡಾಲರಿನೊಳಗಿನ ಸಾಲಕ್ಕೆ ಹತ್ತು ವರ್ಷ, 25,000ದಿಂದ 50,000ದೊಳಗೆ ಹದಿನೈದು ವರ್ಷ ಎಂದಾಗುತ್ತದೆ. 45,000 ಡಾಲರ್ ಸಾಲಕ್ಕೆ ಹದಿನೈದು ವರ್ಷದ ಕಂತು ಸುಮಾರು 389 ಡಾಲರ್. ಹತ್ತು ವರ್ಷದ 508ಕ್ಕಿಂತ ಹಗುರವಾಗಿ ಕಾಣುತ್ತದೆ, ಆದರೆ ಒಟ್ಟು ಬಡ್ಡಿ 16,000ದಿಂದ 25,000 ಡಾಲರಿಗೆ ಏರುತ್ತದೆ.

ಉದ್ಯೋಗದಾತರೇ ಓದಿಸುವ ದಾರಿ ಇದೆಯೇ?

ಇದೆ, ಮತ್ತು ಕಡಿಮೆ ಆದಾಯದ ಕೆಲಸದಲ್ಲಿರುವವರು ಮೊದಲು ಕೇಳಬೇಕಾದ ಪ್ರಶ್ನೆ ಇದೇ. ಉದ್ಯೋಗದಾತರು ವರ್ಷಕ್ಕೆ 5,250 ಡಾಲರ್‌ವರೆಗಿನ ಶಿಕ್ಷಣ ನೆರವನ್ನು ನೌಕರನಿಗೆ ತೆರಿಗೆಯಿಲ್ಲದೆ ನೀಡಬಹುದು. ಸಾಲದ ಕಂತು ಕಟ್ಟಿಕೊಡುವುದಕ್ಕೂ ಈ ವಿನಾಯಿತಿಯನ್ನು 2025ರ ಕಾನೂನು ಕಾಯಂಗೊಳಿಸಿದೆ. ಕಮ್ಯುನಿಟಿ ಕಾಲೇಜಿನ ಶುಲ್ಕಕ್ಕೆ ಈ ಮೊತ್ತ ಬಹುತೇಕ ಸಾಕು. ಆಸ್ಪತ್ರೆಯಲ್ಲಿ ರೋಗಿಗಳನ್ನು ಸಾಗಿಸುವ ಅಥವಾ ಸ್ವಾಗತ ಕೌಂಟರಿನಲ್ಲಿ ಕೂರುವ ಕೆಲಸಕ್ಕೆ ಸೇರಿ, ಪೂರ್ವ ಪಾಠಗಳನ್ನು ಈ ನೆರವಿನಿಂದ ಮುಗಿಸುವವರು ಸಾಕಷ್ಟಿದ್ದಾರೆ. ಪ್ರತಿಯಾಗಿ ಎರಡು ಮೂರು ವರ್ಷ ಅಲ್ಲೇ ದುಡಿಯಬೇಕೆಂಬ ಕರಾರು ಇದ್ದರೆ, ನಡುವೆ ಬಿಟ್ಟಾಗ ಎಷ್ಟು ಮರಳಿಸಬೇಕು, ಬಡ್ಡಿ ಸಹಿತವೇ, ಕೆಲಸದಿಂದ ತೆಗೆದರೂ ಮರಳಿಸಬೇಕೇ ಎಂಬ ಮೂರನ್ನು ಬರಹದಲ್ಲಿ ಪಡೆಯಬೇಕು.

ಹಾಗಾದರೆ ಹೆಚ್ಚು ಸಂಬಳದ ವೃತ್ತಿಯನ್ನೇ ಆರಿಸಿದರೆ ಆಯಿತಲ್ಲ?

ಡೆಂಟಲ್ ಹೈಜಿನಿಸ್ಟ್‌ಗಳ ವಾರ್ಷಿಕ ಅಂಕಿ ಆಕರ್ಷಕ, ಆದರೆ ಅವರಲ್ಲಿ ಅನೇಕರು ಅರೆಕಾಲಿಕ, ಎರಡು ಕ್ಲಿನಿಕ್‌ಗಳಲ್ಲಿ ಹಂಚಿಕೊಂಡು ದುಡಿಯುತ್ತಾರೆ. ಬ್ಯೂರೊ ಗಂಟೆಯ ದರವನ್ನು ಪೂರ್ಣ ವರ್ಷಕ್ಕೆ ವಿಸ್ತರಿಸಿ ವಾರ್ಷಿಕ ವೇತನ ಲೆಕ್ಕ ಹಾಕುವುದರಿಂದ ಕೈಗೆ ಬರುವುದು ಕಡಿಮೆಯಿರಬಹುದು, ಆರೋಗ್ಯ ವಿಮೆ ಇಲ್ಲದಿರಬಹುದು. ರೇಡಿಯೇಷನ್ ಥೆರಪಿ ಚಿಕ್ಕ ವೃತ್ತಿ. ಸಣ್ಣ ಊರಿನಲ್ಲಿ ಹುದ್ದೆ ಖಾಲಿಯಾಗಲು ವರ್ಷಗಳು ಬೇಕಾಗಬಹುದು, ಮನೆ ಬದಲಿಸಲು ಸಿದ್ಧರಿರಬೇಕು. ಸೋನೋಗ್ರಾಫರ್‌ಗಳಿಗೆ ಭುಜ, ಮಣಿಕಟ್ಟಿನ ನೋವು ಸಾಮಾನ್ಯ. ಪ್ರವೇಶ ಅರ್ಜಿ ತುಂಬುವ ಮುನ್ನ ನಿಮ್ಮ ಪ್ರದೇಶದ ಆಸ್ಪತ್ರೆಗಳ ಜಾಲತಾಣದಲ್ಲಿ ಆ ಹುದ್ದೆಗೆ ಈ ತಿಂಗಳು ಎಷ್ಟು ಜಾಹೀರಾತುಗಳಿವೆ, ಅವುಗಳಲ್ಲಿ ಎಷ್ಟು ಹೊಸಬರನ್ನು ತೆಗೆದುಕೊಳ್ಳುತ್ತವೆ, ಎಷ್ಟು ಪೂರ್ಣಾವಧಿಯವು ಎಂದು ಎಣಿಸಿ ನೋಡಿ.